ಟಾಕಿಯಲ್ಲಿ ಪೆಟ್ರೋಲ್ ಇತ್ತು, ಇಂಜಿನ್ನಿಗೆ ಮುಟ್ಟಲಿಲ್ಲ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕು ತಾಲ್ಲೂಕಿನ ಯಾವ ಹಳ್ಳಿಗೆ ಹೋದರೂ ಒಂದು ಹಳೆ ಕಾರು ಕಣ್ಣಿಗೆ ಬೀಳುತ್ತದೆ. ಗುಡಿಯ ಮುಂದೆ, ಹಿಟ್ಟಿನ ಗಿರಣಿಯ ಬದಿಗೆ, ಇಲ್ಲಾ ಬಣವಿಯ ನೆರಳಿಗೆ ನಿಂತಿರುತ್ತದೆ. ಹೆಚ್ಚಾಗಿ ಮಾರುತಿ 800, ಇಲ್ಲವೇ ಓಮ್ನಿ. ಬಣ್ಣ ಮಾಸಿರುತ್ತದೆ, ಒಂದು ಬಾಗಿಲು ಬೇರೆ ಬಣ್ಣದ್ದಿರುತ್ತದೆ, ಹಿಂದಿನ ಸೀಟಿನ ಮೇಲೆ ಕೌದಿ ಹಾಸಿರುತ್ತಾರೆ.

ಪಟ್ಟಣದವರು ಅದನ್ನು ಗುಜರಿ ಅಂತಾರೆ. ನಮ್ಮ ಓಣಿಯಲ್ಲಿ ಹೆರಿಗೆ ಬ್ಯಾನಿ ಬಂದರೆ ಅದೇ ಬೇಕು, ರಾತ್ರಿ ಹಾವು ಕಡಿದರೆ ಅದೇ ಬೇಕು, ಯಲ್ಲಮ್ಮನ ಗುಡ್ಡಕ್ಕೆ ಹೋಗಲು ಅದೇ, ದೂರದ ಊರಿನ ಮಣ್ಣಿಗೆ ಹೋಗಲೂ ಅದೇ. ಈ ನಾಲ್ಕೂ ತಾಲ್ಲೂಕಿನ ಊರುಗಳಿಗೆ ರೈಲಿಲ್ಲ. ಕಿತ್ತೂರಿನ ಮೇಲೆ ಧಾರವಾಡ–ಬೆಳಗಾವಿ ರೈಲು ದಾರಿ ಮಂಜೂರಾಗಿದೆ ಅಂತ ನಾನೇ ಎಷ್ಟು ಸಲ ಸುದ್ದಿ ಬರೆದೆನೋ, ರೈಲು ಇನ್ನೂ ಬರಬೇಕು. ಬಸ್ಸು ಅದರ ಹೊತ್ತಿಗೆ ಬರುತ್ತದೆ, ಸಾವು ನೋವು ಅವುಗಳ ಹೊತ್ತಿಗೆ ಬರುತ್ತವೆ. ನಡುವಿನ ಆ ಅಂತರ ತುಂಬುವುದು ಹಳೆ ಕಾರು.

ಅಂಥ ಕಾರಿನಲ್ಲಿ ಪೆಟ್ರೋಲ್ ಪಂಪ್ ಕೆಟ್ಟರೆ ಏನಾಗುತ್ತದೆ, ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಪೆಟ್ರೋಲ್ ಪಂಪ್ ಅಂದ ಕೂಡಲೇ ಪೆಟ್ರೋಲ್ ಹಾಕುವ ಬಂಕ್ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಕಾರಿನ ಒಳಗಿನ ಪಂಪ್. ಅಂಗೈಯಷ್ಟೇ ಇರುವ ಸಾಮಾನು.

ನಮ್ಮ ಕಾರು 1997ರ ಮಾರುತಿ 800. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ನಿವೃತ್ತಿಗೆ ಮೊದಲು ಇದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂತು. ನಾನು ಈ ಭಾಗದ ಸ್ಟ್ರಿಂಗರ್. ಅಂದರೆ ಪಗಾರ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಬರುತ್ತದೆ. ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಗುಡ್ಡ, ಮಳೆಗಾಲದಲ್ಲಿ ನವಿಲುತೀರ್ಥದ ಅಣೆಕಟ್ಟೆ, ನಡುನಡುವೆ ರಾಮದುರ್ಗದ ನೇಕಾರರ ಗೋಳು. ದಿನದ ಓಡಾಟಕ್ಕೆ ಬೈಕ್ ಸಾಕು. ಮನೆಮಂದಿಯನ್ನು ಕರೆದುಕೊಂಡು ಹೋಗಬೇಕಾದಾಗ ಮಾತ್ರ ಈ ಕಾರು ಹೊರಗೆ ಬರುತ್ತದೆ.

ಮೊದಲು ಪಂಪಿನ ಕೆಲಸ ತಿಳಿದುಕೊಳ್ಳೋಣ. ರೈತರ ಮಕ್ಕಳಿಗೆ ಇದು ಬಹಳ ಸರಳ.

ಕಾರಿನ ಟಾಕಿ ಹಿಂದೆ, ಇಂಜಿನ್ ಮುಂದೆ. ಪೆಟ್ರೋಲ್ ತಾನಾಗಿ ಹಿಂದಿನಿಂದ ಮುಂದಕ್ಕೆ ಏರಿ ಬರುವುದಿಲ್ಲ. ಯಾರಾದರೂ ಎಳೆಯಬೇಕು, ಇಲ್ಲವೇ ನೂಕಬೇಕು. ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ ಪಂಪ್ ಇಂಜಿನ್ನಿನ ಮೈಗೆ ಅಂಟಿಕೊಂಡಿರುತ್ತದೆ. ಇಂಜಿನ್ ತಿರುಗಿದಾಗ ಕ್ಯಾಮ್‌ಶಾಫ್ಟಿನ ಒಂದು ಉಬ್ಬು ಪಂಪಿನ ಹಿಡಿಯನ್ನು ಒತ್ತುತ್ತದೆ, ಬಿಡುತ್ತದೆ. ಒಳಗೆ ರಬ್ಬರಿನ ಒಂದು ಪೊರೆ ಇರುತ್ತದೆ, ಡಯಾಫ್ರಮ್ ಅಂತಾರೆ. ಹಿಡಿ ಆಡಿದಂತೆ ಅದು ಮೇಲೆ ಕೆಳಗೆ ಆಡುತ್ತದೆ. ಒಮ್ಮೆ ಟಾಕಿಯಿಂದ ಪೆಟ್ರೋಲ್ ಎಳೆದುಕೊಳ್ಳುತ್ತದೆ, ಮರುಗಳಿಗೆ ಕಾರ್ಬುರೇಟರಿಗೆ ದೂಡುತ್ತದೆ. ಹಿಂದೆ ಹೋಗದಂತೆ ತಡೆಯಲು ಎರಡು ಸಣ್ಣ ವಾಲ್ವ್. ಇದಿಷ್ಟೇ. ಕರೆಂಟ್ ಬೇಡ, ವೈರ್ ಬೇಡ. ಬಾವಿಯ ದಂಡೆಯ ಮೇಲೆ ಕೂತು ನೀರು ಎಳೆಯುವ ಹಳೆಯ ಪಂಪ್ ಇದ್ದಂತೆ.

2000ದ ಆಸುಪಾಸಿನಿಂದ ಬಂದ ಎಂಪಿಎಫ್‌ಐ ಗಾಡಿಗಳಲ್ಲಿ ಹಾಗಲ್ಲ. ಅಲ್ಲಿ ಪಂಪ್ ಟಾಕಿಯ ಒಳಗೇ ಪೆಟ್ರೋಲಿನಲ್ಲಿ ಮುಳುಗಿರುತ್ತದೆ, ಬ್ಯಾಟರಿಯ ಕರೆಂಟಿನಿಂದ ತಿರುಗುತ್ತದೆ. ಅದು ಎಳೆಯುವುದಿಲ್ಲ, ನೂಕುತ್ತದೆ. ನಮ್ಮ ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟಾರೇ ಅದು. ನೀರು ತಳ ಕಂಡಾಗ ಮೋಟಾರ್ ಓಡಿಸಿದರೆ ಸುಡುತ್ತದಲ್ಲ, ಹಾಗೇ ಟಾಕಿಯಲ್ಲಿ ಪೆಟ್ರೋಲ್ ತಳಕ್ಕಿಟ್ಟು ದಿನಾ ಓಡಿಸಿದರೆ ಈ ಪಂಪಿನ ಆಯುಷ್ಯ ಕಡಿಮೆಯಾಗುತ್ತದೆ. ಅದನ್ನು ತಂಪಾಗಿಡುವುದೂ ಪೆಟ್ರೋಲೇ.

ನಮ್ಮ ಕಾರು ಮೊದಲನೇ ಜಾತಿಯದು. ಬಾವಿಯ ದಂಡೆಯದು.

2025ರ ಮೇ ತಿಂಗಳು. ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು, ಸೋದರಮಾವ ತೀರಿಕೊಂಡಿದ್ದ. ರಾಮದುರ್ಗದ ಆಚೆ ಒಂದು ಹಳ್ಳಿ. ನಾಲ್ಕು ಗಂಟೆಗೆ ಎತ್ತುತ್ತೇವೆ ಅಂದರು. ಬ್ಯಾಸಗಿಯಲ್ಲಿ ಬಹಳ ಹೊತ್ತು ಇಡುವಂತಿಲ್ಲ. ಅವ್ವ ಒಂದು ಹಾರ, ಒಂದು ಹೊಸ ಅರಿವಿ ತರಿಸಿಕೊಂಡಳು. ಪಕ್ಕದೂರಿನಲ್ಲಿ ದೊಡ್ಡವ್ವ ಇದ್ದಾಳೆ, ಅವ್ವನ ಅಕ್ಕ. ಎಪ್ಪತ್ತು ದಾಟಿದೆ, ಚಪ್ಪೆಯ ಎಲುಬು ಮುರಿದು ಆಪರೇಷನ್ ಆಗಿದೆ, ಎರಡು ಕೈ ಹಿಡಿದರೆ ನಾಲ್ಕು ಹೆಜ್ಜೆ ಇಡುತ್ತಾಳೆ. ತಮ್ಮನ ಮಾರಿ ಕಡೀ ಸಲ ನೋಡಬೇಕು ಅಂದಳು. ಅವಳನ್ನೂ ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು ಕೂಡಿಸಿಕೊಂಡು ಹನ್ನೆರಡೂವರೆಗೆ ಬೈಲಹೊಂಗಲ ಬಿಟ್ಟೆವು.

ಮುರಗೋಡ ದಾಟಿದ ಮೇಲೆ ಒಂದು ಏರಿನಲ್ಲಿ ಗಾಡಿ ತಡವರಿಸಿತು. ಸಪಾಟು ರಸ್ತೆಗೆ ಬಂದಾಗ ಸರಿಯಾಯಿತು. ಯರಗಟ್ಟಿ ದಾಟಿ ಕಟಕೋಳದ ಹಾದಿ ಹಿಡಿದಾಗ ಮತ್ತೆ ಪಿಕಪ್ ಹೋಯಿತು, ಮಿಸ್ಸಿಂಗ್ ಹೊಡೆಯಿತು. ಎಕ್ಸಲೇಟರ್ ಒತ್ತಿದಷ್ಟೂ ಉಸಿರು ಕಟ್ಟಿದವರಂತೆ ಜಗ್ಗಿತು. ಪಾವು ಮೈಲು ಹೋಗುವುದರೊಳಗೆ ನಿಂತಿತು. ಎರಡೂ ಕಡೆ ಎರೆಹೊಲ, ಒಂದು ಬೇವಿನ ಗಿಡ. ಗಂಟೆ ಒಂದೂಮುಕ್ಕಾಲು.

ಮುಳ್ಳು ನೋಡಿದರೆ ಟಾಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ರೋಲ್ ಇತ್ತು. ಸೆಲ್ಫ್ ಹೊಡೆದರೆ ಇಂಜಿನ್ ಚೆನ್ನಾಗಿ ತಿರುಗುತ್ತಿತ್ತು, ಹತ್ತುತ್ತಿರಲಿಲ್ಲ.

ಯರಗಟ್ಟಿಯ ಹಳೆಯ ಮಿಸ್ತ್ರಿಯೊಬ್ಬರ ನಂಬರ್ ಅಪ್ಪನ ಕಾಲದಿಂದ ನಮ್ಮ ಹತ್ತಿರ ಇದೆ. ಅರವತ್ತರ ಮೇಲಿನ ವಯಸ್ಸು, ನಾನು ಕಾಕಾ ಅಂತೀನಿ. ಫೋನ್ ಹಚ್ಚಿದೆ. ಅವರು ಗಾಬರಿಯಾಗಲಿಲ್ಲ. ಡಾಕ್ಟರು ಕೇಳಿದಂಗೆ ಒಂದೊಂದೇ ಕೇಳಿದರು.

“ಗಪ್ಪನ ಬಂದ್ ಬಿತ್ತೋ, ಜಗ್ಗಿ ಜಗ್ಗಿ ನಿಂತಿತೋ?”

“ಜಗ್ಗಿ ಜಗ್ಗಿ ನಿಂತಿತು ಕಾಕಾ.”

“ಹಂಗಾದ್ರ ಕರೆಂಟಿಂದಲ್ಲ, ಎಣ್ಣೀದು. ಕರೆಂಟ್ ಹೋದ್ರ ದೀಪ ಆರಿದಂಗ ಗಪ್ಪನ ಹೊಕ್ಕೈತಿ. ಪೆಟ್ರೋಲ್ ಮುಟ್ಟಲಿಲ್ಲಂದ್ರ ಹಸಿದ ಎತ್ತಿನಂಗ ತೂರಾಡಿ ಬೀಳತೈತಿ.”

ಇದು ಪಕ್ಕಾ ಲೆಕ್ಕವಲ್ಲ, ಆದರೆ ಹತ್ತರಲ್ಲಿ ಎಂಟು ಸಲ ಇದೇ ಖರೆ ಅಂತ ಅವರೇ ಆಮೇಲೆ ಹೇಳಿದರು.

ಮುಂದಿನ ಮಾತು: “ಬಿಸಿಲಿಗೆ ಪಂಪಿನ್ಯಾಗ ಪೆಟ್ರೋಲ್ ಆವಿ ಆಗಿರಬೇಕು. ಹಸಿ ಅರಿವಿ ಪಂಪಿನ ಮ್ಯಾಲ ಹಾಕು, ಹತ್ತು ನಿಮಿಷ ಬಿಡು.” ಆವಿ ತುಂಬಿದರೆ ಪಂಪ್ ಗಾಳಿಯನ್ನೇ ಹಿಂಡುತ್ತದೆ, ಪೆಟ್ರೋಲ್ ಎಳೆಯುವುದಿಲ್ಲ. ನಮ್ಮ ಕಡೆಯ ಮೇ ಬಿಸಿಲಿಗೆ ಹಳೆ ಗಾಡಿಗಳಿಗೆ ಇದು ಮಾಮೂಲಿ. ಡಿಸ್ಟ್ರಿಬ್ಯೂಟರ್ ಕಡೆ ನೀರು ಹೋಗದಂತೆ ಹಸಿ ಟವೆಲ್ ಹಾಕಿದೆ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಹತ್ತಿತು! ಅವ್ವ ಕೈ ಮುಗಿದಳು. ನೂರು ಮಾರು ಹೋಗಿ ಮತ್ತೆ ನಿಂತಿತು.

ಮತ್ತೆ ಫೋನ್. ಈಗ ಖಾತ್ರಿಯ ಪರೀಕ್ಷೆ. ಕಿಡಿ ಬರದಂತೆ ಕಾಯ್ಲಿನ ತೆಳ್ಳನೆಯ ವೈರ್ ಬಿಚ್ಚಬೇಕು. ಕಾರ್ಬುರೇಟರಿಗೆ ಹೋಗುವ ರಬ್ಬರ್ ಪೈಪ್ ಕಳಚಿ ಅದರ ಬಾಯಿ ಒಂದು ಬಾಟಲಿಯಲ್ಲಿ ಇಡಬೇಕು. ಒಬ್ಬರು ಸೆಲ್ಫ್ ಹೊಡೆಯಬೇಕು. ಪಂಪ್ ನೆಟ್ಟಗಿದ್ದರೆ ಹಸುವಿನ ಮೊಲೆ ಹಿಂಡಿದಂತೆ ಚಿರ್ ಚಿರ್ ಅಂತ ಧಾರೆ ಬರಬೇಕು. ಇಂಜಿನ್ ಬಿಸಿಯಿದ್ದಾಗ ಒಂದು ಹನಿಯೂ ಚೆಲ್ಲಬಾರದು, ಹತ್ತಿರ ಯಾರೂ ಬೀಡಿ ಹಚ್ಚಬಾರದು. ನಡುವಿನ ಸಣ್ಣ ಫಿಲ್ಟರ್ ನೋಡಿದೆ, ಕಸ ಇರಲಿಲ್ಲ. ಅವ್ವ ಕೀಲಿ ತಿರುವಿದಳು. ಪೈಪಿನಿಂದ ಉಗುಳು ನುಂಗಿದಂತೆ ನಾಲ್ಕು ಹನಿ ಬಂತು. ಅಷ್ಟೇ.

“ಡಯಾಫ್ರಮ್ ಹರದೈತಿ. ಇನ್ನೊಂದು ನೋಡು. ಆಯಿಲ್ ಕಡ್ಡಿ ಜಗ್ಗಿ ಮೂಸಿ ನೋಡು.”

ಮೂಸಿದೆ. ಆಯಿಲ್ಲಿನಲ್ಲಿ ಪೆಟ್ರೋಲ್ ವಾಸನೆ ಗಮ್ಮೆಂದಿತು. ಮಟ್ಟವೂ ಗೆರೆಗಿಂತ ಮೇಲಿತ್ತು.

“ಹಂಗಾದ್ರ ಇನ್ನ ಸೆಲ್ಫ್ ಹೊಡೀಬ್ಯಾಡ ತಮ್ಮಾ. ನಾ ಬರತೇನಿ. ಪಂಪ್ ಹುಡುಕಿಕೊಂಡು ಬರಬೇಕು, ತಾಸು ಹಿಡೀತೈತಿ.”

ಇದರ ಅರ್ಥ ಇಷ್ಟು. ಪೊರೆ ಹರಿದಾಗ ಪೆಟ್ರೋಲ್ ಕಾರ್ಬುರೇಟರಿಗೆ ಹೋಗುವ ಬದಲು ಕೆಳಗೆ ಸೋರಿ ಇಂಜಿನ್ ಆಯಿಲ್ಲಿಗೆ ಸೇರುತ್ತದೆ. ಆಯಿಲ್ ನೀರಾಗುತ್ತದೆ. ಹಾಗೇ ಓಡಿಸಿದರೆ ಬೇರಿಂಗ್ ಉಜ್ಜಿ ಇಂಜಿನ್ನೇ ಹೋಗಬಹುದು. ಐದಾರು ನೂರು ರೂಪಾಯಿಯ ಪಂಪಿನಿಂದ ಮೂವತ್ತು ಸಾವಿರದ ಕೆಲಸ ಹುಟ್ಟುವುದು ಹೀಗೆ.

ಎರಡೂವರೆಯ ಹೊತ್ತಿಗೆ ರಾಮದುರ್ಗದ ಬಸ್ ಬಂತು. ಕೈ ಮಾಡಿದೆವು, ನಿಲ್ಲಿಸಿದರು. ಒಳಗೆ ಕಾಲಿಡಲು ಜಾಗ ಇರಲಿಲ್ಲ. ಕಂಡಕ್ಟರ್ ಒಳ್ಳೆಯ ಮನುಷ್ಯ. ಸುದ್ದಿ ಕೇಳಿ ತಾನೇ ಇಳಿದು ಬಂದು ದೊಡ್ಡವ್ವನನ್ನು ಎತ್ತಲು ಕೈ ಹಚ್ಚಿದ. ಮೊದಲನೇ ಮೆಟ್ಟಿಲಿಗೇ ಅವಳು ನೋವಿನಿಂದ ಚೀರಿದಳು. “ಬ್ಯಾಡ್ರಿ, ಬಿಡ್ರಿ” ಅಂದಳು.

ಅವ್ವ ಅಕ್ಕನ ಮಾರಿ ನೋಡಿದಳು, ನನ್ನ ಮಾರಿ ನೋಡಿದಳು. ದೊಡ್ಡವ್ವನೇ ಹೇಳಿದಳು:

“ನೀ ಹೋಗವ್ವ. ಇಬ್ಬರೂ ತಪ್ಪಿಸಿಕೊಳ್ಳೂದು ಬ್ಯಾಡ. ನನ್ನ ಪಾಲಿಂದೂ ನೀನ ನೋಡು.”

ಅವ್ವ ಹಾರ ತೆಗೆದುಕೊಂಡು ಹತ್ತಿದಳು. ಅರಿವಿ ಕಾರಿನಲ್ಲೇ ಉಳಿಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪುಕ್ಕಟೆ. ಅದರ ಬಗ್ಗೆ ಪರ ವಿರೋಧ ಎರಡೂ ಸುದ್ದಿ ಮಾಡಿದ್ದೇನೆ. ಅವತ್ತು ಅವ್ವನ ಚೀಲದಲ್ಲಿ ಆಧಾರ್ ಕಾರ್ಡ್ ಇತ್ತು, ಚಿಲ್ಲರೆ ಇರಲಿಲ್ಲ. ಆಕೆ ಹೊರಟೇ ಹೋದಳು. ಆ ಯೋಜನೆಯ ಒಂದು ಅರ್ಥ ನನಗೆ ಅವತ್ತು ರಸ್ತೆಯ ಮೇಲೆ ಕಂಡಿತು.

ಊರಿಗೆ ಫೋನ್ ಮಾಡಿ ದೊಡ್ಡವ್ವನಿಗಾಗಿ ಗಾಡಿ ಕಳಿಸಲು ಕೇಳಿದೆ. ಇದ್ದ ಎರಡು ಗಾಡಿಗಳೂ ಲೋಕಾಪುರ, ಮುಧೋಳದ ಬೀಗರನ್ನು ಕರೆತರಲು ಹೋಗಿದ್ದವು. “ಐದರ ತನಕ ಕಾಯತೇವಿ” ಅಂದರು. ದಾರಿಯಲ್ಲಿ ಬಂದ ಟಂಟಂಗಳು ತುಂಬಿ ತುಳುಕುತ್ತಿದ್ದವು.

ಆಗ ಬೈಕಿನಲ್ಲಿ ಬಂದ ಇಬ್ಬರು ಹುಡುಗರು ನಿಂತರು. ಒಳ್ಳೆಯ ಹುಡುಗರು, ಕೈಲಾದ ಸಹಾಯ ಮಾಡಬೇಕೆಂದೇ ನಿಂತವರು. ಒಬ್ಬ ಬಾನೆಟ್ ಒಳಗೆ ಇಣುಕಿ ಹೇಳಿದ: “ಅಣ್ಣಾರ, ಪಂಪಿನ ಗೊಡವಿನ ಬ್ಯಾಡ. ಎರಡು ಲೀಟರಿನ ಬಾಟ್ಲಿಗೆ ಪೆಟ್ರೋಲ್ ತುಂಬಿ ಮ್ಯಾಲ ಕಟ್ಟೂಣು, ಪೈಪ್ ಕಾರ್ಬುರೇಟರಿಗೆ ಕೊಡೂಣು. ಸಲಾಯಿನ್ ಹಚ್ಚಿದಂಗ. ಅರ್ಧ ತಾಸಿನ್ಯಾಗ ರಾಮದುರ್ಗ.”

ಇದು ಸುಳ್ಳಲ್ಲ. ಕಾರ್ಬುರೇಟರ್ ಗಾಡಿಗೆ ಮೇಲಿನಿಂದ ಪೆಟ್ರೋಲ್ ಇಳಿಬಿಟ್ಟರೆ ಓಡುತ್ತದೆ. ಎಷ್ಟೋ ಮಂದಿ ಓಡಿಸಿದ್ದಾರೆ. ಬೈಕಿನಲ್ಲಿ ಟಾಕಿ ಮೇಲೆ, ಇಂಜಿನ್ ಕೆಳಗೆ ಇರುವುದೂ ಅದೇ ಲೆಕ್ಕ. ಗಂಟೆ ಮೂರಾಗಿತ್ತು. ದೊಡ್ಡವ್ವ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಬೈಕಿನ ಟಾಕಿಯಿಂದ ಪೆಟ್ರೋಲ್ ತೆಗೆಯಲು ಹುಡುಗ ಪೈಪ್ ಕೂಡ ಕೈಗೆ ತೆಗೆದುಕೊಂಡಿದ್ದ.

ಕಾಕಾಗೆ ಫೋನ್ ಮಾಡಿ ಕೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದರು.

“ತಮ್ಮಾ, ನೀ ಒಬ್ಬನ ಇದ್ದಿದ್ರೂ ನಾ ಹೂಂ ಅಂತಿರಲಿಲ್ಲ. ನಡೀಲಾರದ ಮುದುಕೀನ ಒಳಗ ಕುಂದರಿಸಿಕೊಂಡು, ಈ ಬಿಸಿಲಾಗ, ಕಾದ ಇಂಜಿನ್ ಮ್ಯಾಲ ಬಾಟ್ಲಿ ಕಟ್ಟತಿ? ಪೈಪ್ ಜಾರಿದ್ರ ಆಕಿ ಇಳಿದು ಓಡಾಕಿ ಏನು? ನಾ ಯರಗಟ್ಟಿ ಬಿಟ್ಟೇನಿ. ಕಾಯಿ.”

ಹುಡುಗರಿಗೆ ಬೇಡ ಅಂದೆ. ಅವರಿಗೂ ಆ ಮಾತು ತಟ್ಟಿತು. ನೀರಿನ ಬಾಟಲಿ ಕೊಟ್ಟು ಹೋದರು.

ಈ ಮಾತನ್ನು ಓದುಗರು ನೆನಪಿಡಬೇಕು ಅಂತಲೇ ಇಷ್ಟು ಉದ್ದಕ್ಕೆ ಬರೆದೆ. ಬಾಟಲಿ ಕಟ್ಟುವ ಉಪಾಯದಲ್ಲಿ ಪೆಟ್ರೋಲನ್ನು ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ಪಂಪ್ ಇದ್ದರೆ ಇಂಜಿನ್ ನಿಂತಾಗ ಪಂಪೂ ನಿಲ್ಲುತ್ತದೆ. ಬಾಟಲಿ ನಿಲ್ಲುವುದಿಲ್ಲ. ಪೈಪ್ ಕಳಚಿದರೆ, ಕಾರ್ಬುರೇಟರಿನ ಸೂಜಿ ಸಿಕ್ಕಿಕೊಂಡರೆ, ಪೂರ್ತಿ ಎರಡು ಲೀಟರ್ ಬಿಸಿ ಸೈಲೆನ್ಸರಿನ ಮೇಲೆ ಬೀಳುತ್ತದೆ. ಮೇಲಾಗಿ ನಮ್ಮ ಗಾಡಿಯ ಆಯಿಲ್ಲಿನಲ್ಲಿ ಆಗಲೇ ಪೆಟ್ರೋಲ್ ಸೇರಿತ್ತು.

ಮೂರೂಕಾಲಿಗೆ ಕಾಕಾ ಬಂದರು. ಬೈಕಿಗೆ ಒಂದು ಚೀಲ, ಒಂದು ಆಯಿಲ್ ಡಬ್ಬಿ. ಚೀಲದಲ್ಲಿ ಪಾನಾ, ಪಕ್ಕಡ್, ಮತ್ತು ಅರಿವಿಯಲ್ಲಿ ಸುತ್ತಿದ ಒಂದು ಪಂಪ್. ಹೊಸದಲ್ಲ. ಅವರ ಗ್ಯಾರೇಜ್ ಹಿಂದೆ ನಿಂತಿದ್ದ ಗುಜರಿ ಓಮ್ನಿಯಿಂದ ಬಿಚ್ಚಿದ್ದು. ಹಳೆಯ ಕಾರ್ಬುರೇಟರ್ ಓಮ್ನಿಗೂ 800ಕ್ಕೂ ಅದೇ ಮೂರು ಸಿಲಿಂಡರಿನ 796 ಸಿಸಿ ಇಂಜಿನ್. ಒಂದರ ಸಾಮಾನು ಇನ್ನೊಂದಕ್ಕೆ ಕೂರುತ್ತದೆ. ಇದು ಬಡವರ ಪಾಲಿನ ದೊಡ್ಡ ಪುಣ್ಯ.

ಎರಡು ನಟ್ ಬಿಚ್ಚಿ ಹಳೆ ಪಂಪ್ ಕೈಗೆ ತೆಗೆದುಕೊಂಡರು. ಅದರ ಸ್ಕ್ರೂ ಕಳಚಿ ಡಯಾಫ್ರಮ್ ಹೊರತೆಗೆದು ಸೂರ್ಯನ ಎದುರಿಗೆ ಹಿಡಿದರು. ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಕಂಡಿತು. ಅಷ್ಟೇ ಸೀಳು. ಆ ಎಳೆಯಷ್ಟು ಬೆಳಕಿನ ಸಲುವಾಗಿ ನಾವು ಆ ಗಿಡದ ಕೆಳಗೆ ಕೂತಿದ್ದೆವು.

“ಇದು ಯಾರ ತಪ್ಪೂ ಅಲ್ಲ. ರಬ್ಬರಿಗೂ ವಯಸ್ಸಾಗತೈತಿ” ಅಂದರು ಕಾಕಾ.

ತಂದಿದ್ದ ಪಂಪಿನ ಎಳೆಯುವ ಬಾಯಿಗೆ ಬೆರಳಿಟ್ಟು ಹಿಡಿಯನ್ನು ಒತ್ತಿ ತೋರಿಸಿದರು, ಬೆರಳು ಜಗ್ಗಿ ಹಿಡಿಯಿತು. “ಇದು ಜೀವಂತ ಐತಿ.” ಹೊಸ ಪ್ಯಾಕಿಂಗ್ ಇಟ್ಟರು. ಪಂಪ್ ಮೊದಲ ಸಲಕ್ಕೆ ಕೂರಲಿಲ್ಲ. ಕ್ಯಾಮಿನ ಉಬ್ಬು ಎದುರಿಗೇ ಬಂದು ನಿಂತಿದ್ದರೆ ಹಿಡಿಯನ್ನು ದೂಡುತ್ತದೆ. ಆಗ ಒತ್ತಾಯದಿಂದ ನಟ್ ಬಿಗಿಯಬಾರದು. ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಸ್ವಲ್ಪ ಮುಂದೆ ನೂಕಿಸಿ ಇಂಜಿನ್ ಅರ್ಧ ಸುತ್ತು ತಿರುಗಿಸಿದರು. ಪಂಪ್ ಹೆಣ್ಣು ಮನೆ ತುಂಬಿದಂತೆ ಮೆತ್ತಗೆ ಕೂತಿತು.

ನನ್ನ ಕಣ್ಣು ಗಡಿಯಾರದ ಮೇಲಿತ್ತು. ನಾಲ್ಕಾಗುತ್ತಿತ್ತು. ಹೋಗೋಣವೇ ಅಂದೆ. ಅವರು ಇಂಜಿನ್ ಕೆಳಗೆ ಒಂದು ಬುಟ್ಟಿ ಇಟ್ಟು ಆಯಿಲ್ ಬೋಲ್ಟ್ ಬಿಚ್ಚುತ್ತಿದ್ದರು. “ಆಯಿಲ್ ಬದಲಿ ಮಾಡದ ಬಿಡೂದಿಲ್ಲ. ಹಾದ್ಯಾಗ ಮತ್ತ ನಿಂತ್ರ ಆಕೀನ ರಾತ್ರಿ ಎಲ್ಲಿ ಇಟ್ಟಿ?” ಹಳೆಯ ಆಯಿಲ್ ನೀರಿನಂತೆ ಸುರಿಯಿತು. ಅದನ್ನು ಹೊಲದಲ್ಲಿ ಚೆಲ್ಲದೆ ಡಬ್ಬಿಯಲ್ಲಿ ತುಂಬಿಕೊಂಡರು.

ನಾಲ್ಕೂಕಾಲು ದಾಟಿದ ಮೇಲೆ ಸೆಲ್ಫ್ ಹೊಡೆದೆ. ಪೆಟ್ರೋಲ್ ಮುಂದಕ್ಕೆ ಏರಲು ಏಳೆಂಟು ಸುತ್ತು ಬೇಕಾಯಿತು. ಆಮೇಲೆ ಹತ್ತಿತು. ಪೈಪಿನ ಜೋಡಣೆಗಳನ್ನು ಬೆರಳಿನಿಂದ ಸವರಿ ಒಂದೂ ಒದ್ದೆಯಿಲ್ಲ ಅಂತ ನೋಡಿದ ಮೇಲೆಯೇ ಅವರು ಬಾನೆಟ್ ಹಾಕಿದರು. ಪಂಪಿಗೆ ಆರುನೂರು, ಆಯಿಲ್ಲಿನ ರೊಕ್ಕ, ಕೂಲಿ ಮುನ್ನೂರು. ಪೆಟ್ರೋಲಿಗೆ ಅಂತ ಕೊಟ್ಟ ನೂರನ್ನು ತಿರುಗಿ ಕೊಟ್ಟರು. “ಮಣ್ಣಿಗೆ ಹೊಂಟೀರಿ” ಅಂದರು.

ಪಡುವಣದಲ್ಲಿ ಮೋಡ ಕವಿಯುತ್ತಿತ್ತು. ನಮ್ಮ ಕಡೆ ಮೇ ತಿಂಗಳ ಸಂಜೆ ಗಾಳಿ, ಗುಡುಗು ಯಾವಾಗ ಬರುತ್ತದೋ ಹೇಳಲಾಗದು. ಕುಣಿಗೆ ನೀರು ತುಂಬಿದರೆ ಕಷ್ಟ ಅಂತ ಊರಿನ ಹಿರಿಯರು ಐದಕ್ಕೇ ಇಳಿಸಿದರು. ನಾವು ಊರ ಹೊರಗಿನ ಹೊಲ ಮುಟ್ಟಿದಾಗ ಐದೂಕಾಲು. ಕುಣಿ ಅರ್ಧ ತುಂಬಿತ್ತು.

ಅವ್ವ ಅಣ್ಣನ ಮಾರಿ ನೋಡಿದ್ದಳು. ದೊಡ್ಡವ್ವ ನೋಡಲಿಲ್ಲ.

ಇಬ್ಬರು ಕೈ ಹಿಡಿದು ಅವಳನ್ನು ಕುಣಿಯ ಅಂಚಿಗೆ ಕರೆತಂದರು. ಕಾರಿನಲ್ಲಿ ಉಳಿದಿದ್ದ ಹೊಸ ಅರಿವಿಯನ್ನು ಅವಳೇ ಒಳಗೆ ಬಿಟ್ಟಳು. ಮೂರು ಹಿಡಿ ಮಣ್ಣು ಕೊಟ್ಟಳು. ಬೀಗರಲ್ಲಿ ಒಬ್ಬರು ನನ್ನ ಕಡೆ ನೋಡಿ, “ಒಂದು ಬಾಟ್ಲಿ ಕಟ್ಟಿಕೊಂಡು ಬಂದಿದ್ರ ಮಾರಿ ಸಿಗತಿತ್ತು” ಅಂದರು. ಗಾಡಿ ಬಲ್ಲವರು ಅವರು. ನಾನು ಉತ್ತರ ಕೊಡಲು ಹೋಗಲಿಲ್ಲ. ದೊಡ್ಡವ್ವನೇ ತಿರುಗಿ ನೋಡಿದಳು.

“ಸತ್ತ ತಮ್ಮನ ಮಾರಿ ಸಲುವಾಗಿ ಇದ್ದ ಮಗನ್ನ ಸುಡಬೇಕಿತ್ತೇನು? ಮಣ್ಣರ ಕೊಟ್ಟೇನಲ್ಲ, ಸಾಕು.”

ಸಾಕು ಅಂದಳು. ಆದರೂ ಅವಳಿಗೆ ಸಾಕಾಗಿಲ್ಲ ಅಂತ ನನಗೆ ಗೊತ್ತು. ಈಗಲೂ ಅವ್ವ ಸಿಕ್ಕಾಗೆಲ್ಲ ಕೇಳುತ್ತಾಳೆ, ಮಾರಿ ಹೆಂಗಿತ್ತು, ಕಣ್ಣು ಮುಚ್ಚಿದ್ನೇನು, ವಿಭೂತಿ ಯಾರು ಹಚ್ಚಿದ್ರು. ಅವ್ವ ಪ್ರತಿ ಸಲ ಮೊದಲಿನಿಂದ ಹೇಳುತ್ತಾಳೆ.

ಇನ್ನು ಲೆಕ್ಕದ ಮಾತು. ಇಂಥ ಗಾಡಿ ಇಟ್ಟುಕೊಳ್ಳಬೇಕೇ, ಮಾರಬೇಕೇ?

ಮಾರುತಿ 800 ಮೊದಲು ಹೊರಬಂದದ್ದು 1983ರ ಡಿಸೆಂಬರಿನಲ್ಲಿ. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅದೇ ವರ್ಷ ಅಂಬಾಸಿಡರ್ ಕೂಡ ನಿಂತಿತು. ಆದ್ದರಿಂದ ಕಾರ್ಬುರೇಟರ್ ಗಾಡಿಯ ಪಂಪ್ ಬೇಕೆಂದರೆ ಅಂಗಡಿಗಿಂತ ಗುಜರಿಯಲ್ಲಿ ಹುಡುಕುವುದೇ ಹೆಚ್ಚಾಗಿದೆ. ಅದನ್ನು ಬಿಚ್ಚಬಲ್ಲ ಕೈಗಳಿಗೂ ವಯಸ್ಸಾಗುತ್ತಿದೆ. ಕಾಕಾನ ಗ್ಯಾರೇಜಿನಲ್ಲಿ ಈಗ ಇರುವ ಹುಡುಗ ಸ್ಕ್ಯಾನರ್ ಹಚ್ಚಿ ಹೊಸ ಗಾಡಿಯ ರೋಗ ಹೇಳುತ್ತಾನೆ. ಅದೂ ವಿದ್ಯೆಯೇ. ಆದರೆ ನಮ್ಮ ಗಾಡಿಗೆ ಸ್ಕ್ಯಾನರ್ ಹಚ್ಚಲು ತೂತೇ ಇಲ್ಲ, ಅದಕ್ಕೆ ಮೂಗು, ಕಿವಿ, ಬೆರಳು ಬೇಕು.

ಸರ್ಕಾರದ ಶುಲ್ಕವೂ ಏರಿದೆ. ಖಾಸಗಿ ಕಾರಿಗೆ 15 ವರ್ಷವಾದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲಿನಿಂದ ಅದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ನಾನು ಆ ವರ್ಷ ಜುಲೈನಲ್ಲಿ ಕಟ್ಟಿದ್ದೆ. 2025ರ ಆಗಸ್ಟಿನಲ್ಲಿ ಬಂದ ಹೊಸ ನಿಯಮದಂತೆ 20 ವರ್ಷ ದಾಟಿದ ಕಾರಿಗೆ 10,000 ರೂಪಾಯಿ, ಜಿಎಸ್‌ಟಿ ಬೇರೆ. ನನ್ನ ಸರದಿ 2027ಕ್ಕೆ. ನಾನು ಎಷ್ಟು ಸುದ್ದಿ ಬರೆದರೆ ಅಷ್ಟಾಗುತ್ತದೆ ಅಂತ ಲೆಕ್ಕ ಹಾಕಿ ಬಿಟ್ಟುಬಿಟ್ಟೆ.

ಇನ್ನೊಂದು ವಿಷಯ ಎಥೆನಾಲ್. ಪೆಟ್ರೋಲಿಗೆ ನೂರಕ್ಕೆ 20 ಪಾಲು ಎಥೆನಾಲ್ ಬೆರೆಸುವ ಇ20ಯನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ಬಿಡುಗಡೆ ಮಾಡಿದರು. ಈಗ ಬಹುತೇಕ ಬಂಕುಗಳಲ್ಲಿ ಸಿಗುವುದು ಅದೇ. ಎಥೆನಾಲ್ ಕಬ್ಬಿನಿಂದಲೂ ಬರುತ್ತದೆ. ನಮ್ಮ ಜಿಲ್ಲೆ ಕಬ್ಬಿನ ಜಿಲ್ಲೆ, ಎಥೆನಾಲಿನ ರೊಕ್ಕ ಕಾರ್ಖಾನೆಗೆ ಬಂದರೆ ಕಬ್ಬಿನ ಬಿಲ್ಲು ಬೇಗ ಆದೀತು ಅಂತ ನಾವೇ ಆಸೆಪಡುತ್ತೇವೆ. ಆದರೆ 1990ರ ದಶಕದ ಗಾಡಿಯ ರಬ್ಬರ್ ಪೈಪು, ಪೊರೆ, ಪ್ಯಾಕಿಂಗುಗಳನ್ನು ಅಷ್ಟು ಎಥೆನಾಲ್ ನೆನಪಿನಲ್ಲಿಟ್ಟು ಮಾಡಿರಲಿಲ್ಲ. ಎಥೆನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ನಮ್ಮ ಡಯಾಫ್ರಮ್ ಇದರಿಂದಲೇ ಹರಿಯಿತು ಅಂತ ನಾನು ಹೇಳುವುದಿಲ್ಲ, ಅದಕ್ಕೆ ವಯಸ್ಸೇ ಸಾಕಿತ್ತು. ಆದರೂ ಹೊಲದಲ್ಲಿ ಬೆಳೆದ ಕಬ್ಬೂ ನಮ್ಮದು, ಬಾಗಿಲಲ್ಲಿ ನಿಂತ ಹಳೆ ಗಾಡಿಯೂ ನಮ್ಮದು. ಹಳೆ ಗಾಡಿ ಇರುವವರು ಪೆಟ್ರೋಲಿನ ರಬ್ಬರ್ ಪೈಪುಗಳನ್ನು ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ, ಬಿರುಕಿದ್ದರೆ ಕೂಡಲೇ ಬದಲಿಸಿ. ಅದು ನೂರಿನ್ನೂರರ ಕೆಲಸ. ಗಾಡಿಯನ್ನು ತಿಂಗಳುಗಟ್ಟಲೆ ಒಂದೇ ಕಡೆ ನಿಲ್ಲಿಸಬೇಡಿ.

ನಿಮ್ಮದು ಎಂಪಿಎಫ್‌ಐ ಗಾಡಿ ಆಗಿದ್ದರೆ ಒಂದು ಸಣ್ಣ ಪರೀಕ್ಷೆ. ಕೀಲಿಯನ್ನು ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡು ಗುಂಯ್ ಅನ್ನುವ ಸದ್ದು ಬರಬೇಕು. ಬಂದರೆ ಪಂಪ್ ತಿರುಗುತ್ತಿದೆ. ಬರದಿದ್ದರೆ ಪಂಪೇ ಹೋಗಿದೆ ಅಂತ ತಿಳಿಯಬೇಡಿ, ಮೊದಲು ಫ್ಯೂಸ್ ನೋಡಿಸಿ, ರಿಲೇ ನೋಡಿಸಿ, ವೈರ್ ನೋಡಿಸಿ. ಇಪ್ಪತ್ತು ರೂಪಾಯಿಯ ಫ್ಯೂಸ್ ಹೋಗಿದ್ದಾಗ ಪಂಪ್ ಬದಲಿಸಿಕೊಂಡು ಸಾವಿರಗಟ್ಟಲೆ ಕೊಟ್ಟವರಿದ್ದಾರೆ. ಆ ಗಾಡಿಗಳಿಗೆ ಬಾಟಲಿಯ ಉಪಾಯ ನಡೆಯುವುದೇ ಇಲ್ಲ, ಅವಕ್ಕೆ ಒತ್ತಡದ ಪೆಟ್ರೋಲ್ ಬೇಕು. ರಸ್ತೆಯ ಮೇಲೆ ಟಾಕಿ ಬಿಚ್ಚಲೂ ಹೋಗಬೇಡಿ. ಮುಳ್ಳು ಪಾವು ಟಾಕಿಗಿಂತ ಕೆಳಗೆ ಇಳಿಯದಂತೆ ನೋಡಿಕೊಂಡರೆ ಪಂಪಿನ ಆಯುಷ್ಯ ಹೆಚ್ಚುತ್ತದೆ.

ಕಾರ್ಬುರೇಟರ್ ಗಾಡಿಯವರು ಏರಿನಲ್ಲಿ ಗಾಡಿಯ ವರ್ತನೆ ಗಮನಿಸಿ. ಸಪಾಟಿನಲ್ಲಿ ಎಲ್ಲ ಪಂಪೂ ಒಳ್ಳೆಯದೇ. ಯಲ್ಲಮ್ಮನ ಗುಡ್ಡದ ಏರಿನಲ್ಲಿ ತಡವರಿಸಿದರೆ ಮೊದಲು ಫಿಲ್ಟರ್, ಆಮೇಲೆ ಪಂಪ್ ತೋರಿಸಿ. ತಿಂಗಳಿಗೊಮ್ಮೆ ಆಯಿಲ್ ಕಡ್ಡಿ ಜಗ್ಗಿ ಮೂಸಿ. ಆಯಿಲ್ ತಾನಾಗಿ ಹೆಚ್ಚಾಗುವುದಿಲ್ಲ. ಹೆಚ್ಚಾಗಿದೆ ಅಂದರೆ ಅದು ಪೆಟ್ರೋಲ್ ಇಲ್ಲವೇ ನೀರು.

ಗಾಡಿಯನ್ನು ನಾನು ಮಾರಿಲ್ಲ. ಗುಜರಿಗೆ ಕೊಟ್ಟರೆ ಬರುವ ರೊಕ್ಕದಲ್ಲಿ ನಡೆಯಲಾರದ ಮುದುಕಿಯನ್ನು ಕೂಡಿಸಿಕೊಂಡು ಹೋಗುವ ಇನ್ನೊಂದು ಗಾಡಿ ಬರುವುದಿಲ್ಲ. ಮುಂದಿನ ವಾರ ಯರಗಟ್ಟಿಗೆ ಹೋಗಿ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿಕೊಂಡು ಬಂದೆ. ಗುಜರಿ ಓಮ್ನಿಯಲ್ಲಿ ಉಳಿದಿದ್ದ ಇನ್ನಷ್ಟು ಸಾಮಾನನ್ನು ಕಾಕಾ ಒಂದು ಡಬ್ಬಿಯಲ್ಲಿ ಹಾಕಿ ಕೊಟ್ಟರು. ಹಳೆಯ ಪಂಪನ್ನೂ ಎಸೆಯಲಿಲ್ಲ, ಡಯಾಫ್ರಮ್ ಕಿಟ್ ಸಿಕ್ಕರೆ ಕಟ್ಟಿ ಕೊಡುತ್ತೇನೆ ಅಂದರು. ಅವರ ಸ್ಕ್ಯಾನರ್ ಹುಡುಗನನ್ನು ಹತ್ತಿರ ಕರೆದು ಹರಿದ ಪೊರೆಯನ್ನು ಬಿಸಿಲಿಗೆ ಹಿಡಿಸಿ ತೋರಿಸಿದರು. ಅವನು ಫೋನಿನಲ್ಲಿ ಫೋಟೋ ತೆಗೆದುಕೊಂಡ.

ಬಾನೆಟ್ ಒಳಮೈಯಲ್ಲಿ ಅಪ್ಪ ಬಿಳಿ ಪೇಂಟಿನಿಂದ ಬರೆದ ಕೆಲವು ತಾರೀಖುಗಳಿವೆ. ಆಯಿಲ್, ಬೆಲ್ಟ್, ಪ್ಲಗ್. ಮಾಸ್ತರರ ದುಂಡನೆಯ ಅಕ್ಷರ. ಅದರ ಕೆಳಗೆ ಈಗ ಕಾಕಾ ಸೊಟ್ಟ ಅಕ್ಷರದಲ್ಲಿ ಬರೆದಿದ್ದಾರೆ: ಪಂಪ್, ಮೇ 2025. ನಿಮ್ಮ ಗಾಡಿಯಲ್ಲೂ ಹೀಗೆ ಬರೆದಿಡಿ. ನಿಮ್ಮೂರಿನ ಹಳೆಯ ಮಿಸ್ತ್ರಿಯ ನಂಬರನ್ನು ಫೋನಿನಲ್ಲಷ್ಟೇ ಅಲ್ಲ, ಅದರ ಪಕ್ಕದಲ್ಲೂ ಬರೆಯಿರಿ. ಫೋನಿನ ಚಾರ್ಜ್ ಮುಗಿದ ದಿನವೂ ಅದು ಬೇಕಾಗುತ್ತದೆ.